ನಾಲ್ಕನೇ ನಂಬರಿನ ಆಮೆ

ತೊಟ್ಟಿಯಲ್ಲಿ ನೀರಿತ್ತು. ಆಮೆ ಇರಲಿಲ್ಲ.

ಸುಬ್ಬಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಮತ್ತೆ ಬಗ್ಗಿ ನೋಡಿದಳು. ಒಂದೇ ಮೀಟರ್ ಆಳದ ಸಿಮೆಂಟು ತೊಟ್ಟಿ. ತಳದ ಮರಳು ಕಣ್ಣಿಗೆ ಕಾಣುತ್ತಿತ್ತು. ಹದಿನಾಲ್ಕು ಕಿಲೋ ತೂಕದ ಪ್ರಾಣಿ ಅಲ್ಲಿ ಅಡಗಿ ಕೂರುವ ಮಾತೇ ಇರಲಿಲ್ಲ.

"ನಿನ್ನಿ ಸಂಜಿಮುಂದ ಇಲ್ಲೇ ಇತ್ರಿ ಅಕ್ಕಾರ," ಎಂದ ಕಾವಲುಗಾರ ಚಂದ್ರಾಮ. "ನಾನ ಮೀನ ಹಾಕೀನಿ. ಗಪಗಪ ತಿಂತು. ಈಗ ಬಾಗಲಾ ತಗದು ನೋಡಿದ್ರ ಇಲ್ಲ."

"ಬೀಗ?"

"ಹಾಕಿದ್ದು ಹಾಕಿದಂಗ ಇತ್ರಿ."

ಉಳಿದ ನಾಲ್ಕು ತೊಟ್ಟಿಗಳಲ್ಲಿ ನಾಲ್ಕು ಆಮೆಗಳು ಏನೂ ಆಗಿಲ್ಲವೆಂಬಂತೆ ತೇಲುತ್ತಿದ್ದವು. ಕಾಣೆಯಾದದ್ದು ನಾಲ್ಕನೇ ನಂಬರಿನದು. ಐದರಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ತುಂಟ.

೧೯೯೧ರ ನವೆಂಬರ್, ಶುಕ್ರವಾರ ಬೆಳಗಿನ ಎಂಟೂವರೆ. ಮುಂಬಯಿಯ ಸಾಂತಾಕ್ರೂಜ್ ಪಶ್ಚಿಮದಲ್ಲಿ, ಕಡಲ ಕಡೆಗಿನ ರಸ್ತೆಯ ಕೊನೆಯ ಹಳೇ ಬಂಗಲೆಯಲ್ಲಿ ಕಡಲಜೀವಿ ಸಂಶೋಧನ ಕೇಂದ್ರವಿತ್ತು. ಸುಬ್ಬಲಕ್ಷ್ಮಿ ಅಲ್ಲಿ ಹನ್ನೊಂದು ವರ್ಷದಿಂದ ದೂರದಿಂದ ಬಂದ ಸುದ್ದಿಯನ್ನು ಕಾಗದದ ಮೇಲೆ ಬಡಿಯುವ ಟೆಲೆಕ್ಸ್ ಯಂತ್ರದ ಆಪರೇಟರು. ಮೈಸೂರಿನಲ್ಲಿ ಗಣಿತದ ಬಿ.ಎಸ್ಸಿ. ಮಾಡಿ, ಮದುವೆಯಾಗಿ ಬೊರಿವಲಿಗೆ ಬಂದವಳು. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪದಬಂಧ ಬಿಡಿಸುವಷ್ಟು ಅಭ್ಯಾಸವಾಗಿತ್ತು.

ಕೇಂದ್ರದ ಕನಸೆಲ್ಲ ಆ ಐದು ಮರಿಯಾಮೆಗಳ ಬೆನ್ನ ಮೇಲಿತ್ತು. ಮೊಟ್ಟೆಯೊಡೆದು ಕಡಲಿಗಿಳಿದ ಆಮೆ ದೊಡ್ಡದಾಗಿ ದಡಕ್ಕೆ ಬರುವ ತನಕ ಎಲ್ಲಿರುತ್ತದೆ, ಎಷ್ಟು ಆಳಕ್ಕೆ ಮುಳುಗುತ್ತದೆ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೇ ಮೀನುಗಾರರ ಬಲೆಗೆ ಸಿಕ್ಕಿದ ಐದು ಮರಿಗಳನ್ನು ತಂದು, ಪ್ರತಿಯೊಂದರ ಚಿಪ್ಪಿಗೂ ಸಾಬೂನಿನ ಡಬ್ಬಿಯಷ್ಟು ದೊಡ್ಡ ಯಂತ್ರ ಅಂಟಿಸಿದ್ದರು. ಆಮೆ ಉಸಿರಿಗಾಗಿ ಮೇಲೆ ಬಂದಾಗ ಯಂತ್ರದ ತಂತಿ ನೀರಿನಿಂದ ಹೊರಬರುತ್ತದೆ. ಆರಾರು ಗಂಟೆಯ ಲೆಕ್ಕದಲ್ಲಿ ಯಂತ್ರ ಗುರುತಿಸಿಟ್ಟ ಆಳದ ಅಂಕಿಗಳನ್ನು ಹೊತ್ತು ಸಂಕೇತ ಹೊರಡುತ್ತದೆ. ಮೇಲೆ ಹಾದುಹೋಗುವ ಉಪಗ್ರಹ ಅದನ್ನು ಹಿಡಿದು ಫ್ರಾನ್ಸಿನ ಕಂಪ್ಯೂಟರಿಗೆ ದಾಟಿಸುತ್ತದೆ. ಅಲ್ಲಿಂದ ಪ್ರತಿ ಬೆಳಿಗ್ಗೆ ಸುಬ್ಬಲಕ್ಷ್ಮಿಯ ಟೆಲೆಕ್ಸಿಗೆ ಅಂಕಿಗಳು ಬರುತ್ತವೆ.

ಬರುವ ಸೋಮವಾರ ಐದನ್ನೂ ಕಡಲಿಗೆ ಬಿಡಬೇಕಿತ್ತು.

ನಿರ್ದೇಶಕ ಡಾಕ್ಟರ್ ವೆಂಕಟಸುಬ್ಬಯ್ಯ ಬಂದವರೇ ಖಾಲಿ ತೊಟ್ಟಿಯ ಅಂಚಿನಲ್ಲಿ ಕುಳಿತುಬಿಟ್ಟರು. ಯಂತ್ರಗಳನ್ನು ಅಂಟಿಸಿದ ಎಂಜಿನಿಯರ್ ಸೀತಾರಾಮ ಅವರ ಹಿಂದೆ ನಿಂತಿದ್ದ. ಮೂವತ್ತರ ಹುಡುಗ, ಬೆಂಗಳೂರಿನವನು. ಮುಖ ಬಿಳಿಚಿಕೊಂಡಿತ್ತು.

"ಪೊಲೀಸಿಗೆ ಫೋನ್ ಮಾಡಿ ಸುಬ್ಬಲಕ್ಷ್ಮಿಯವರೇ," ಎಂದರು ನಿರ್ದೇಶಕರು.

* * *

ಇನ್‌ಸ್ಪೆಕ್ಟರ್ ಭೀಮರಾಯ ಅಕ್ಕಲಕೋಟೆಯ ಕಡೆಯವರು. ಮರಾಠಿಯಲ್ಲಿ ಮಾತು ಶುರುಮಾಡಿದವರು, ಇಲ್ಲಿರುವವರೆಲ್ಲ ಕನ್ನಡದವರೆಂದು ತಿಳಿದೊಡನೆ ನಿರಾಳವಾಗಿ ಕುರ್ಚಿ ಎಳೆದುಕೊಂಡರು.

"ಕೀಲಿಕೈ ಎಷ್ಟ ಅದಾವ್ರಿ?"

"ಮೂರು," ಎಂದರು ನಿರ್ದೇಶಕರು. "ನನ್ನದು, ಸೀತಾರಾಮನದು, ಚಂದ್ರಾಮನದು."

"ನಿಮ್ಮದು?"

"ನಾನು ನಿನ್ನೆ ಪುಣೆಯಲ್ಲಿದ್ದೆ. ಕೀ ನನ್ನ ಜೇಬಿನಲ್ಲೇ ಇತ್ತು."

"ಎಂಜಿನಿಯರ್ ಸಾಹೇಬರ?"

"ಐದೂವರೆಗೆ ಮನೆಗೆ ಹೊರಟೆ ಸಾರ್," ಎಂದ ಸೀತಾರಾಮ. "ಎಲ್ಲರೂ ನೋಡಿದಾರೆ. ಕೀ ನನ್ನ ಹತ್ರಾನೇ ಇದೆ."

ಅದು ನಿಜ. ಅವನು ಸ್ಕೂಟರ್ ಹತ್ತಿ ಗೇಟು ದಾಟಿದ್ದನ್ನು ಸುಬ್ಬಲಕ್ಷ್ಮಿಯೂ ನೋಡಿದ್ದಳು.

ಭೀಮರಾಯ ಚಂದ್ರಾಮನ ಕಡೆ ತಿರುಗಿದರು. "ನೀ ಎಲ್ಲಿ ಹೋಗಿದ್ದೋ?"

"ಎಲ್ಲೂ ಇಲ್ರಿ. ಏಳಕ್ಕ ಅರ್ಧಾ ತಾಸು ಪೂವಪ್ಪಣ್ಣನ ಹೋಟೆಲಕ್ಕ ಚಹಾ ಕುಡಿಯಾಕ ಹೋಗಿದ್ನಿ. ದಿನಾ ಹೋಗ್ತೀನ್ರಿ."

ಕಾಂಪೌಂಡಿನ ಮೂಲೆಯಲ್ಲಿದ್ದ ಚಂದ್ರಾಮನ ಖೋಲಿಯನ್ನು ಹುಡುಕಲು ಹೋದ ಕಾನ್‌ಸ್ಟೆಬಲ್ ಐದೇ ನಿಮಿಷದಲ್ಲಿ ವಾಪಸು ಬಂದ. ಕೈಯಲ್ಲಿ ತೆಳ್ಳನೆಯ ಉಕ್ಕಿನ ತಂತಿಯ ಸುರುಳಿ. ಆಮೆಗಳ ಯಂತ್ರಕ್ಕೆ ಹಾಕುವಂಥದೇ.

"ರೇಡಿಯೋಕ್ಕ ಕಟ್ಟಾಕಂತ ಇಸ್ಕೊಂಡಿದ್ನಿರಿ!"

"ಯಾರ ಕಡಿಂದ?"

ಚಂದ್ರಾಮ ಸೀತಾರಾಮನ ಕಡೆ ನೋಡಿದ. ಸೀತಾರಾಮ ನೆಲ ನೋಡಿದ. "ನನಗೆ ಜ್ಞಾಪಕ ಇಲ್ಲ," ಎಂದ.

ಹತ್ತು ಗಂಟೆಗೆ ಜೀಪು ಚಂದ್ರಾಮನನ್ನು ಕೂರಿಸಿಕೊಂಡು ಹೊರಟಿತು.

* * *

ಮಾರನೆಯ ದಿನ ಸುಬ್ಬಲಕ್ಷ್ಮಿ ಕೋಣೆಗೆ ಬಂದಾಗ ಚಂದ್ರಾಮನ ಹೆಂಡತಿ, ಕೇಂದ್ರದ ಕಸ ಗುಡಿಸುವ ಇಂದ್ರಾಬಾಯಿ ಬಾಗಿಲ ಬಳಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಅದೇ ಸುಬ್ಬಲಕ್ಷ್ಮಿಗೆ ಹೆಚ್ಚು ಕಷ್ಟವಾಯಿತು.

"ಅಕ್ಕಾರ, ಆ ಆಮಿ ಮೈಯಾಗ ಆರಾಮಿಲ್ಲದಾಗ ಇಡೀ ರಾತ್ರಿ ತೊಟ್ಟಿ ಕಡೆ ಕುಂತಿದ್ರು ನಮ್ಮವರು. ಅದನ್ನ ಕದ್ದು ಏನ ಮಾಡ್ತಾರ್ರಿ? ನೀವು ಓದಿದವರು. ನೀವ ಏನರ ನೋಡ್ರಿ."

"ನಾನು ಟೆಲೆಕ್ಸ್ ಒತ್ತೋಳು ಕಣಮ್ಮ. ನನ್ನ ಮಾತು ಯಾರು ಕೇಳ್ತಾರೆ?"

ಅಷ್ಟರಲ್ಲಿ ಟೆಲೆಕ್ಸ್ ಯಂತ್ರ ಕಟಕಟನೆ ಬಡಿಯತೊಡಗಿತು. ಸುಬ್ಬಲಕ್ಷ್ಮಿ ಅಭ್ಯಾಸಬಲದಿಂದ ಅತ್ತ ತಿರುಗಿದಳು. ಒಂದನೇ ನಂಬರು. ಎರಡು. ಮೂರು. ಆಮೇಲೆ—

ನಾಲ್ಕು.

ಅವಳು ಕಾಗದವನ್ನು ಹರಿಯದೆ ಹಾಗೇ ಓದಿದಳು. ನಾಲ್ಕನೇ ನಂಬರು ಹಿಂದಿನ ದಿನ ಮುಳುಗಿತ್ತು. ಎದ್ದಿತ್ತು. ಮತ್ತೆ ಮುಳುಗಿತ್ತು. ಒಟ್ಟು ಅರವತ್ತೆರಡು ಸಲ.

"ಇಂದ್ರಾಬಾಯಿ, ಅದು ಬದುಕಿದೆ!"

* * *

ಬದುಕಿದೆ ಸರಿ. ಎಲ್ಲಿದೆ?

ಉಪಗ್ರಹ ಸ್ಥಳವನ್ನೂ ಹೇಳಬೇಕಿತ್ತು. ಆದರೆ ಹತ್ತು ನಿಮಿಷ ಸಂಕೇತ ಸಿಕ್ಕರೆ ಮಾತ್ರ ಜಾಗ ಸರಿಯಾಗಿ ಗೊತ್ತಾಗುತ್ತದೆ. ನಾಲ್ಕನೇ ನಂಬರಿನಿಂದ ಬರುತ್ತಿದ್ದದ್ದು ಎರಡು ಮೂರು ನಿಮಿಷದ ತುಣುಕು. ಶನಿವಾರದ ಲೆಕ್ಕದಲ್ಲಿ ಆಮೆ ಬೊರಿವಲಿಯಲ್ಲಿತ್ತು. ಭಾನುವಾರ ಸಾಂತಾಕ್ರೂಜಿನಲ್ಲಿ. ಸೋಮವಾರ ನಗರದ ಇನ್ನೊಂದು ಬದಿಯ ಭಾಂಡುಪಿನಲ್ಲಿ.

"ನಿಮ್ಮ ಆಮಿ ಲೋಕಲ್ ಗಾಡಿಗಿಂತ ಜಾಸ್ತಿ ತಿರಗ್ಯಾಡ್ಲಿಕ್ಕೆ ಹತ್ಯದಲ್ರಿ!" ಎಂದು ಭೀಮರಾಯ ನಕ್ಕರು. ನಕ್ಕರೂ ಕೆಲಸ ಬಿಡಲಿಲ್ಲ. ಬೊರಿವಲಿಯ ಮೀನು ಮಾರ್ಕೆಟ್ಟು ಹುಡುಕಿಸಿದರು. ಸಾಂತಾಕ್ರೂಜಿನಲ್ಲಿ ಅಲಂಕಾರದ ಮೀನು ಮಾರುವ ಅಂಗಡಿಗಳನ್ನು ಹುಡುಕಿಸಿದರು. ಭಾಂಡುಪಿನ ಉಪ್ಪಿನ ಗದ್ದೆಗಳಲ್ಲಿ ಇಬ್ಬರು ಕಾನ್‌ಸ್ಟೆಬಲ್‌ಗಳು ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಅಲೆದರು. ಎಲ್ಲೂ ಏನೂ ಇಲ್ಲ.

ಚಂದ್ರಾಮನ ಜಾಮೀನಿಗೆ ನಿಲ್ಲುವವರು ಸಿಗಲಿಲ್ಲ. ಅವನು ಜೈಲಿನಲ್ಲೇ ಉಳಿದ. ಉಳಿದ ನಾಲ್ಕು ಆಮೆಗಳನ್ನು ಬಿಡುವ ದಿನ ಮುಂದಕ್ಕೆ ಹೋಯಿತು.

"ಕಡಲಾಮೆಗೆ ಉಪ್ಪುನೀರು ಬೇಕು," ಎಂದರು ನಿರ್ದೇಶಕರು. "ಸಪ್ಪೆ ನೀರಿನಲ್ಲಿಟ್ಟಿದ್ದರೆ ಕೆಲವು ವಾರ ತಡೆದೀತು. ಆಮೇಲೆ ಕಷ್ಟ."

ಈ ದಿನಗಳಲ್ಲಿ ಸೀತಾರಾಮ ಊಟವನ್ನೇ ಬಿಟ್ಟಂತಿದ್ದ.

* * *

ಎರಡನೆಯ ಬುಧವಾರ ಮಧ್ಯಾಹ್ನ ಸುಬ್ಬಲಕ್ಷ್ಮಿ ಪೂವಪ್ಪನ ಹೋಟೆಲಿಗೆ ಹೋದಳು. ಊಟದ ನೆವ. ಚಂದ್ರಾಮ ಅಂದು ಸಂಜೆ ನಿಜವಾಗಿಯೂ ಚಹಾ ಕುಡಿದನೇ ಎಂದು ಕೇಳುವುದಿತ್ತು.

"ಕುಡಿದದ್ದು ಹೌದಕ್ಕ," ಎಂದ ಪೂವಪ್ಪ. ಉಡುಪಿಯ ಕಡೆಯವನು, ಐವತ್ತೈದರ ದಪ್ಪ ಆಸಾಮಿ. ಗಲ್ಲಾದ ಹಿಂದಿನಿಂದ ಏಳುವುದೇ ಅಪರೂಪ. "ಏಳು ಗಂಟೆಗೆ ಬಂದ, ಏಳೂವರೆಗೆ ಹೋದ. ಎರಡು ಬನ್ಸ್ ಕೂಡ ತಿಂದ. ಪೊಲೀಸರಿಗೂ ಹೇಳಿದ್ದೇನೆ. ಆ ಜನ ಕದಿಯುವವ ಅಲ್ಲ ಮಾರಾಯ್ತಿ."

ಅವಳು ಕೈತೊಳೆಯಲು ಹಿತ್ತಿಲಿಗೆ ಹೋದಳು. ಎರಡು ಎತ್ತರದ ಕಟ್ಟಡಗಳ ನಡುವಿನ ಸಂದು. ಮೂಲೆಯಲ್ಲಿ ಹಳೆಯ ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ಅಷ್ಟರಲ್ಲಿ ವಿಮಾನದ ಸದ್ದು ಕೇಳಿಸಿತು. ಸಾಂತಾಕ್ರೂಜಿನಲ್ಲಿ ಅದೇನು ಹೊಸದಲ್ಲ. ಆದರೂ ತಲೆಯೆತ್ತಿದಳು. ಸದ್ದು ಬಂತು, ಬೆಳೆಯಿತು, ಗೋಡೆಗಳು ಗುಡುಗಿದವು. ವಿಮಾನ ಮಾತ್ರ ಕಾಣಲಿಲ್ಲ. ನೆತ್ತಿಯ ಮೇಲೆ ಬಂದಾಗ ಒಂದೇ ಒಂದು ಕ್ಷಣ ಬಿಳಿ ಹೊಟ್ಟೆ ಮಿನುಗಿ, ಮರೆಯಾಯಿತು. ಸದ್ದು ಆಮೇಲೂ ಬಹಳ ಹೊತ್ತು ಇತ್ತು.

ಸುಬ್ಬಲಕ್ಷ್ಮಿಯ ಒದ್ದೆ ಕೈ ಹಾಗೇ ನಿಂತಿತು.

ಊಟ ಮುಗಿಸದೆ ಕೇಂದ್ರಕ್ಕೆ ಓಡಿಬಂದಳು. ಉಪಗ್ರಹ ಎಷ್ಟು ಗಂಟೆಗೆ, ಎಷ್ಟು ಎತ್ತರದಲ್ಲಿ ಹಾದುಹೋಗುತ್ತದೆ ಎಂಬ ತಿಂಗಳ ಪಟ್ಟಿ ಗೋಡೆಯ ಮೇಲಿತ್ತು. ದಿನಕ್ಕೆ ಏಳೆಂಟು ಸಲ. ಹೆಚ್ಚಿನವು ಆಕಾಶದ ಅಂಚಿನಲ್ಲಿ, ಒಂದೋ ಎರಡೋ ನೆತ್ತಿಯ ಮೇಲೆ. ನಾಲ್ಕನೇ ನಂಬರಿನ ಸಂಕೇತ ಸಿಕ್ಕ ಹೊತ್ತುಗಳನ್ನು ಒಂದೊಂದಾಗಿ ಹೊಂದಿಸಿದಳು.

ಎಲ್ಲವೂ ನೆತ್ತಿಯ ಮೇಲಿನವು. ಅಂಚಿನಲ್ಲಿ ಹೋದದ್ದು ಒಂದೂ ಇಲ್ಲ.

"ಸಾರ್," ಎಂದು ನಿರ್ದೇಶಕರ ಕೋಣೆಗೆ ನುಗ್ಗಿದಳು. "ಆಮೆ ಬಾವಿಯಲ್ಲಿದೆ!"

* * *

ಭೀಮರಾಯ, ನಿರ್ದೇಶಕರು, ಸೀತಾರಾಮ ಮೂವರೂ ಅವಳ ಮಾತು ಕೇಳಿದರು.

"ಕಡಲಲ್ಲಿದ್ರೆ ಸುತ್ತಲೂ ಆಕಾಶ. ಉಪಗ್ರಹ ಯಾವ ಕಡೆ ಹೋದ್ರೂ ಸಂಕೇತ ಸಿಗಬೇಕು. ಇಲ್ಲಿ ನೆತ್ತಿ ಮೇಲೆ ಬಂದಾಗ ಮಾತ್ರ ಸಿಗ್ತಿದೆ. ಅದೂ ಎರಡೇ ನಿಮಿಷ. ಅಂದ್ರೆ ಸುತ್ತ ಎತ್ತರದ ಗೋಡೆ ಇದೆ. ಜೊತೆಗೆ ಏಳೆಂಟು ಮೀಟರ್ ಮುಳುಗ್ತಿದೆ. ಮುಂಬಯಿಯಲ್ಲಿ ಅಷ್ಟು ಆಳದ ನೀರು, ಸುತ್ತ ಗೋಡೆ, ಮೇಲೆ ಒಂಚೂರು ಆಕಾಶ. ಬಾವಿ ಅಲ್ದೆ ಇನ್ನೇನು?"

ಭೀಮರಾಯ ಮೀಸೆ ತಿರುವಿದರು. "ಬರೋಬ್ಬರಿ. ಆದ್ರ ಈ ಊರಾಗ ಸಾವಿರ ಬಾವಿ ಅದಾವ್ರಿ ಅಕ್ಕಾರ."

"ನೀರಿನ ಆಳ ದಿನಕ್ಕೊಂದು ಸಲ ಇಳಿದು ಏರ್ತಿದೆ. ಯಾರೋ ಪಂಪು ಹಾಕ್ತಾರೆ. ಹೊತ್ತು ನೋಡಿದ್ರೆ ಯಾರು ಅಂತ ಗೊತ್ತಾಗುತ್ತೆ."

"ನಾನು ಪಟ್ಟಿ ಮಾಡಿ ಕೊಡ್ತೀನಿ ಮೇಡಂ," ಎಂದ ಸೀತಾರಾಮ ತಟ್ಟನೆ. "ನೀವು ಬೊರಿವಲಿಗೆ ಹೋಗ್ಬೇಕು. ಆಗ್ಲೇ ಆರು ಗಂಟೆ."

ಮಾರನೆಯ ಬೆಳಿಗ್ಗೆ ಪಟ್ಟಿ ಇನ್‌ಸ್ಪೆಕ್ಟರರ ಕೈಯಲ್ಲಿತ್ತು. ಅಂದವಾದ ಅಕ್ಷರ. ಆರು ಗಂಟೆಗೊಂದು ಸಾಲಿನಂತೆ, ಆಮೆ ಮುಟ್ಟಿದ ಅತಿ ಹೆಚ್ಚಿನ ಆಳ. ಉಳಿದೆಲ್ಲ ಹೊತ್ತಿನಲ್ಲಿ ಎಂಟು, ಒಂಬತ್ತು ಮೀಟರ್. ಆರರಿಂದ ಹನ್ನೆರಡರ ಸಾಲಿನಲ್ಲಿ ಮಾತ್ರ ಏಳು.

"ಬೆಳಗಿನ ಹೊತ್ತು ಜಾಸ್ತಿ ನೀರು ಎಳೆಯೋದು ಯಾರು ಸಾರ್?" ಎಂದ ಸೀತಾರಾಮ ಮೆಲ್ಲಗೆ. "ಹೋಟೆಲಿನವರು."

ಚಂದ್ರಾಮ ದಿನಾ ಹೋಗುತ್ತಿದ್ದ ಹೋಟೆಲು. ಹಿತ್ತಿಲಲ್ಲಿ ಬಾವಿ. ಸಾಂತಾಕ್ರೂಜು. ಭೀಮರಾಯ ಟೋಪಿ ಹಾಕಿಕೊಂಡರು.

* * *

ಹೋಟೆಲಿನ ಹಿತ್ತಿಲಲ್ಲಿ ಜನ ಸೇರಿತು. ಜಾಲರಿ ತೆಗೆದರು. ಕಾನ್‌ಸ್ಟೆಬಲ್ ಬುಟ್ಟಿಯಲ್ಲಿ ಇಡ್ಲಿ ಚೂರು ಹಾಕಿ ಕೆಳಗೆ ಬಿಟ್ಟ.

"ಬಂತು, ಬಂತು! ಆಮೆ!" ಎಂದು ಕೂಗು.

ಮೇಲಕ್ಕೆ ಬಂದದ್ದು ಒಂದಲ್ಲ, ಎರಡು. ಪಾಚಿ ಹಿಡಿದ, ತಟ್ಟೆಯಷ್ಟಗಲದ ಮುದಿಯಾಮೆಗಳು. ಸಿಹಿನೀರಿನವು. ಬೆನ್ನ ಮೇಲೆ ಯಾವ ಯಂತ್ರವೂ ಇಲ್ಲ.

ಪೂವಪ್ಪ ಗಲ್ಲಾ ಬಿಟ್ಟು ಎದ್ದು ಬಂದಿದ್ದ. ಮುಖ ಕೆಂಪಾಗಿತ್ತು. "ಎಂತ ಸಾಯ್ಬ್ರೆ ಇದು? ನಮ್ಮ ಬಾವಿಯಲ್ಲಿ ಆಮೆ ಉಂಟು, ಇಲ್ಲ ಅಂತ ನಾನು ಹೇಳಿದ್ದೇನಾ? ನೀರು ಸ್ವಚ್ಛ ಇರ್ತದೆ ಅಂತ ನನ್ನ ಅಪ್ಪ ಬಿಟ್ಟದ್ದು. ಅವಕ್ಕೆ ನನ್ನಷ್ಟೇ ಪ್ರಾಯ. ಮತ್ತೆ, ಬೆಳಿಗ್ಗೆ ಮಾತ್ರ ನೀರು ಎಳೆಯುವ ಹೋಟೆಲು ಯಾವುದು? ನಮಗೆ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ನೀರು ಬೇಕು. ಪಾತ್ರೆ ಯಾರು ತೊಳೆಯುವುದು, ಮಧ್ಯಾಹ್ನದ ಮೇಲೆ ನೀವಾ?"

ನೆರೆದವರು ನಕ್ಕರು. ಭೀಮರಾಯರಿಗೂ ನಗು ತಡೆಯಲಾಗಲಿಲ್ಲ. ಕ್ಷಮೆ ಕೇಳಿ, ಅಲ್ಲೇ ಕುಳಿತು ಒಂದು ಮಸಾಲೆದೋಸೆ ತಿಂದು ಹೊರಟರು.

ಸುಬ್ಬಲಕ್ಷ್ಮಿ ನಗಲಿಲ್ಲ. ಪೂವಪ್ಪನ ಮಾತು ಅವಳ ತಲೆಯಲ್ಲಿ ನಿಂತಿತ್ತು. ಬರೀ ಬೆಳಿಗ್ಗೆ ನೀರು ಎಳೆಯುವ ಹೋಟೆಲು ಯಾವುದು?

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಸೀತಾರಾಮನ ಪಟ್ಟಿಯನ್ನು ಪಕ್ಕಕ್ಕಿಟ್ಟು, ಎರಡು ವಾರದ ಟೆಲೆಕ್ಸ್ ಸುರುಳಿಗಳನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಪೆನ್ಸಿಲ್ ಹಿಡಿದು ಮೊದಲಿನಿಂದ ಶುರುಮಾಡಿದಳು.

ಐದು ನಿಮಿಷಕ್ಕೆ ಮೊದಲ ತಪ್ಪು ಸಿಕ್ಕಿತು. ಹದಿನೈದು ನಿಮಿಷಕ್ಕೆ ಎರಡನೆಯದು. ಎರಡನೆಯದು ತಪ್ಪಾಗಿರಲಿಲ್ಲ.

ಅವಳು ಸಿಬ್ಬಂದಿಯ ವಿಳಾಸ ಬರೆದಿಟ್ಟ ಪುಸ್ತಕ ತೆಗೆದಳು. ಒಂದು ಹೆಸರಿನ ಮುಂದೆ ಬೆರಳಿಟ್ಟು, ವಿಳಾಸವನ್ನು ಎರಡು ಸಲ ಓದಿದಳು. ಆಮೇಲೆ ಫೋನ್ ಎತ್ತಿದಳು.

"ಇನ್‌ಸ್ಪೆಕ್ಟರ್ ಸಾಹೇಬ್ರೇ, ಭಾಂಡುಪಿನಲ್ಲಿ ಮಂಗಳವಾರ ರಜಾ ಇರೋ ಕಾರ್ಖಾನೆ ಯಾವುವು ಅಂತ ವಿಚಾರಿಸ್ತೀರಾ? ಬಾವಿ ಇರೋವು ಮಾತ್ರ."

* * *

ಶುಕ್ರವಾರ ಬೆಳಿಗ್ಗೆ ಹನ್ನೊಂದು. ಭಾಂಡುಪಿನಲ್ಲಿ ಕಡಲ ಹಿನ್ನೀರಿನ ಬದಿಯ ಒಂದು ಕಬ್ಬಿಣದ ಎರಕದ ಕಾರ್ಖಾನೆ. ಹೊಗೆಯ ವಾಸನೆ, ಬಡಿಯುವ ಸದ್ದು. ಜೀಪಿನಿಂದ ಭೀಮರಾಯ, ನಿರ್ದೇಶಕರು, ಸುಬ್ಬಲಕ್ಷ್ಮಿ ಇಳಿದರು. ಕೊನೆಗೆ ಸೀತಾರಾಮ. ಆಮೆ ಹಿಡಿಯಲು ನೀವೂ ಬನ್ನಿ ಎಂದು ಅವನನ್ನು ಕರೆತಂದಿದ್ದರು. ಎಲ್ಲಿಗೆಂದು ಹೇಳಿರಲಿಲ್ಲ. ಜೀಪು ಭಾಂಡುಪ್ ಸ್ಟೇಷನ್ನಿನ ಬಳಿ ತಿರುಗಿದಾಗಿನಿಂದ ಅವನು ತಲೆಯೆತ್ತಿರಲಿಲ್ಲ.

ಫೋರ್‌ಮನ್ ಕೈ ಒರೆಸಿಕೊಳ್ಳುತ್ತ ಬಂದವನು ನಕ್ಕ. "ಏನೋ ಸೀತು, ಆಫೀಸಿನವರನ್ನೆಲ್ಲ ಕರ್ಕೊಂಡು ಬಂದ್ಯಾ? ನಿನ್ನ ಪರೀಕ್ಷೆ ಮುಗೀತೇನೋ?"

ಎಲ್ಲರೂ ನಿಂತರು.

"ಇವನು ನನ್ನ ಅಕ್ಕನ ಮಗ," ಎಂದ ಫೋರ್‌ಮನ್, ತಾನೇನು ತಪ್ಪಾಡಿದೆನೆಂದು ತಿಳಿಯದೆ. "ನಮ್ಮನೇಲೇ ಇರೋದು. ಆಫೀಸಿನ ಆಮೆ, ಸ್ವಲ್ಪ ದಿನ ಬಾವೀಲಿ ಇಟ್ಟು ನೋಡ್ಬೇಕು ಅಂದ. ದಿನಾ ಬೆಳಿಗ್ಗೆ ಮೀನು ಹಾಕ್ತಾನೆ."

"ಪಂಪು ಬಂದ್ ಮಾಡ್ಸ್ರಿ," ಎಂದರು ಭೀಮರಾಯ.

ಕಾರ್ಖಾನೆಯ ಹಿಂಭಾಗದ ಅಗಲವಾದ ಹಳೆಯ ಬಾವಿ. ಕಲ್ಲಿನ ಗೋಡೆ. ಎಲ್ಲರೂ ಕಟ್ಟೆಗೆ ಕೈಯೂರಿ ಬಗ್ಗಿದರು. ನೀರು ಕಪ್ಪಗೆ ನಿಂತಿತ್ತು. ಒಂದು ನಿಮಿಷ. ಮೂರು ನಿಮಿಷ. ಆರು.

ನೀರು ಸೀಳಿತು. ಮೊದಲು ಒಂದು ತಂತಿ. ಆಮೇಲೆ ಪುಟ್ಟ ತಲೆ. ಫುಸ್ಸೆಂದು ಉಸಿರು.

"ಅಯ್ಯೋ ಕಂದಾ!" ಎಂದರು ವೆಂಕಟಸುಬ್ಬಯ್ಯ. ಅರವತ್ತರ ಹತ್ತಿರದ ಮನುಷ್ಯನ ಕಣ್ಣಲ್ಲಿ ನೀರು ಬಂದಿತ್ತು.

ಸೀತಾರಾಮ ಬಾವಿಕಟ್ಟೆಗೆ ಒರಗಿ ಕುಸಿದು ಕುಳಿತ. "ಹೇಗೆ ಗೊತ್ತಾಯ್ತು ಮೇಡಂ?"

"ನೀವೇ ಬರೆದುಕೊಟ್ಟಿರಿ ಸೀತಾರಾಮ್," ಎಂದಳು ಸುಬ್ಬಲಕ್ಷ್ಮಿ. ಅವಳಿಗೆ ಗೆದ್ದ ಸಂತೋಷವಿರಲಿಲ್ಲ. "ಟೆಲೆಕ್ಸಿನಲ್ಲಿ ಬರೋದು ಗ್ರೀನ್‌ವಿಚ್ ಗಂಟೆ. ನಮ್ಮ ಗಂಟೆ ಬರಬೇಕಾದ್ರೆ ಅದಕ್ಕೆ ಐದೂವರೆ ಸೇರಿಸಬೇಕು. ಅದನ್ನ ನನಗೆ ಕಲಿಸಿದವರೇ ನೀವು. ಪಟ್ಟಿಯಲ್ಲಿ ನೀವು ಸೇರಿಸಿಲ್ಲ. ಆರರಿಂದ ಹನ್ನೆರಡು ಅಂದ್ರೆ ನಮ್ಮ ಲೆಕ್ಕದಲ್ಲಿ ಹನ್ನೊಂದೂವರೆಯಿಂದ ಸಂಜೆ ಐದೂವರೆ. ಆ ಹೊತ್ತಲ್ಲಿ ಒಂದೇ ಸಮ ನೀರು ಎಳೆಯೋದು ಹೋಟೆಲೂ ಅಲ್ಲ, ಹೌಸಿಂಗ್ ಸೊಸೈಟಿನೂ ಅಲ್ಲ. ಕಾರ್ಖಾನೆ. ಹಗಲೆಲ್ಲ ಎಳೆದು ಮಧ್ಯಾಹ್ನದ ಹೊತ್ತಿಗೆ ನೀರು ತಗ್ಗುತ್ತೆ. ರಾತ್ರಿ ಮತ್ತೆ ಊರುತ್ತೆ."

"ಅವಸರದಾಗ ಮರತಿರಬಹುದು ಅಂತ ನಾ ಅಂದ್ನಿ," ಎಂದರು ಭೀಮರಾಯ.

"ನಾನೂ ಹಾಗೇ ಅಂದುಕೊಂಡೆ. ಆದ್ರೆ ಎರಡು ದಿನದ ಸಾಲು ಖಾಲಿ ಬಿಟ್ಟು 'ಸಂಕೇತ ಬಂದಿಲ್ಲ' ಅಂತ ಬರೆದಿದ್ರಿ. ಸುರುಳಿಯಲ್ಲಿ ಆ ಎರಡೂ ದಿನ ಸಂಕೇತ ಚೆನ್ನಾಗೇ ಬಂದಿದೆ. ಎರಡೂ ಮಂಗಳವಾರ. ಎರಡೂ ದಿನ ನೀರು ಇಳಿದೇ ಇಲ್ಲ. ಮಂಗಳವಾರ ರಜಾ ಇರೋ ಕಾರ್ಖಾನೆ ಅಂತ ಗೊತ್ತಾದ್ರೆ ಜಾಗ ಗೊತ್ತಾಗಿಬಿಡುತ್ತೆ. ಅದಕ್ಕೇ ಅಳಿಸಿದ್ರಿ. ಸಾಹೇಬ್ರು ವಿಚಾರಿಸಿದಾಗ ಅಂಥ ಕಾರ್ಖಾನೆ ಭಾಂಡುಪಿನಲ್ಲಿ ಮೂರು ಸಿಕ್ವು. ಅದರಲ್ಲಿ ಒಂದರ ಕ್ವಾರ್ಟರ್ಸು ನಿಮ್ಮ ವಿಳಾಸ."

"ಆದ್ರೆ ಯಾಕಪ್ಪಾ?" ಎಂದರು ನಿರ್ದೇಶಕರು. "ನೀನು ಯಾಕೆ ಕದಿಯಬೇಕು?"

ಸುಬ್ಬಲಕ್ಷ್ಮಿಯೇ ಹೇಳಿದಳು.

"ಕದ್ದದ್ದಲ್ಲ ಸಾರ್. ಕಳವಾಗೋ ಹಿಂದಿನ ದಿನ ನಾಲ್ಕನೇ ನಂಬರು ಒಂದು ಮೀಟರ್ ತೊಟ್ಟಿಯಲ್ಲಿ ಮೂರು ಮೀಟರ್ ಮುಳುಗಿದೆ ಅಂತ ಟೆಲೆಕ್ಸ್ ಬಂತು. ನಾನೇ ಇವರಿಗೆ ತೋರಿಸಿದೆ. ಆಮೇಲೆ ಕಳವಿನ ಗಲಾಟೆಯಲ್ಲಿ ನಾನೂ ಮರೆತೆ. ಆದ್ರೆ ಐದೂ ಯಂತ್ರಗಳನ್ನ ಆಳದ ಬಾವಿಯಲ್ಲಿ ಇಳಿಸಿ ಪರೀಕ್ಷೆ ಮಾಡಿದೀವಿ, ಸರಿಯಾಗಿವೆ ಅಂತ ಫ್ರಾನ್ಸಿಗೆ ಕಳಿಸಿದ ಪತ್ರ ಟೈಪ್ ಮಾಡಿದ್ದು ನಾನು. ಯಾವ ಬಾವಿ? ನಮ್ಮಲ್ಲಿ ಬಾವಿ ಎಲ್ಲಿದೆ? ಆ ಪರೀಕ್ಷೆ ನಡೆದೇ ಇರಲಿಲ್ಲ."

"ಹೂಂ," ಎಂದ ಸೀತಾರಾಮ. "ಹೊತ್ತಿರಲಿಲ್ಲ ಸಾರ್. ಎಲ್ಲಾ ಹೊಸ ಯಂತ್ರ, ಸರಿಯಾಗೇ ಇರುತ್ತೆ ಅಂದುಕೊಂಡು ಸಹಿ ಮಾಡಿಬಿಟ್ಟೆ. ಆ ಮೂರು ಮೀಟರ್ ನೋಡಿ ಎದೆ ಒಡೆದುಹೋಯ್ತು. ಕಡಲಿಗೆ ಬಿಟ್ಟ ಮೇಲೆ ಅಂಕಿಯೆಲ್ಲ ತಪ್ಪು ಬಂದ್ರೆ? ಯಂತ್ರ ಚಿಪ್ಪಿಗೆ ಅಂಟಿಬಿಟ್ಟಿದೆ. ಆಮೆ ಸಮೇತ ಇಳಿಸಿ ನೋಡಬೇಕು, ಬೇರೆ ದಾರಿ ಇಲ್ಲ. ಚಂದ್ರಾಮ ಚಹಾಕ್ಕೆ ಹೋದಾಗ ವಾಪಸು ಬಂದು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಬಲೆಯಲ್ಲಿಟ್ಟು ಹಗ್ಗದಲ್ಲಿ ಇಳಿಸಿದೆ. ಬೆಳಗಾಗೋದ್ರಲ್ಲಿ ತೊಟ್ಟಿಗೆ ವಾಪಸು ಬಿಡ್ಬೇಕು ಅಂತಿದ್ದೆ. ಬಲೆ ಹರಿದುಹೋಯ್ತು. ಎಷ್ಟು ಮಾಡಿದ್ರೂ ಕೈಗೆ ಸಿಗಲಿಲ್ಲ. ನಾನು ಆಫೀಸಿಗೆ ಬಂದು ಬಾಯಿ ಬಿಡೋದ್ರೊಳಗೆ ನೀವು ಪೊಲೀಸಿಗೆ ಫೋನ್ ಮಾಡಿಸಿದ್ರಿ."

"ಅದು ತಪ್ಪು, ಒಪ್ಪೋಣ," ಎಂದಳು ಸುಬ್ಬಲಕ್ಷ್ಮಿ. ಅವಳ ದನಿ ಮೊದಲ ಬಾರಿಗೆ ಗಟ್ಟಿಯಾಯಿತು. "ಆದ್ರೆ ಆ ತಂತಿ ಚಂದ್ರಾಮನಿಗೆ ಕೊಟ್ಟದ್ದು ನೀವೇ ಅಲ್ವಾ? 'ಜ್ಞಾಪಕ ಇಲ್ಲ' ಅಂದ್ರಲ್ಲ. ಹದಿನಾಲ್ಕು ದಿನದಿಂದ ಆ ಮನುಷ್ಯ ಜೈಲಲ್ಲಿದಾನೆ. ಅವನ ಹೆಂಡತಿ ದಿನಾ ನಿಮ್ಮ ಮುಂದೇನೇ ಕಸ ಗುಡಿಸ್ತಿದಾಳೆ."

ಸೀತಾರಾಮ ಮುಖ ಮುಚ್ಚಿಕೊಂಡ. ಫೋರ್‌ಮನ್ ಒಂದು ಹೆಜ್ಜೆ ಮುಂದೆ ಬಂದು, ಏನೂ ತೋಚದೆ, ಹಾಗೇ ನಿಂತ.

"ಏಳ್ರಿ," ಎಂದರು ಭೀಮರಾಯ ಮೆತ್ತಗೆ. "ಮೊದಲ ನಿಮ್ಮ ಆಮಿ ಮ್ಯಾಲೆ ತರೂಣು. ಆಮ್ಯಾಲ ಸ್ಟೇಷನ್ನಿಗೆ ಹೋಗಿ ಬರಕೊಡೂರಂತ."

ಕಾರ್ಖಾನೆಯ ಪಂಪಿನಿಂದಲೇ ಬಾವಿಯ ನೀರನ್ನು ಸೊಂಟದ ಮಟ್ಟಕ್ಕೆ ಇಳಿಸಿದರು. ಅದಕ್ಕೆ ನಾಲ್ಕು ತಾಸು ಹಿಡಿಯಿತು. ಪ್ಯಾಂಟು ಮಡಚಿಕೊಂಡು ಬಾವಿಗೆ ಇಳಿದವನು ಸೀತಾರಾಮನೇ. ಬುಟ್ಟಿ ಮೇಲೆ ಬಂದಾಗ ನಾಲ್ಕನೇ ನಂಬರು ರೆಕ್ಕೆಯಂಥ ಕೈಯಿಂದ ಫಟಾರನೆ ಬಡಿದು ಇನ್‌ಸ್ಪೆಕ್ಟರರ ಖಾಕಿಯನ್ನು ತೋಯಿಸಿತು. ಸುತ್ತ ನಿಂತ ಕಾರ್ಮಿಕರು ಚಪ್ಪಾಳೆ ತಟ್ಟಿದರು.

* * *

ಚಂದ್ರಾಮ ಶನಿವಾರ ಬಿಡುಗಡೆಯಾದ. ಜೈಲಿನ ಬಾಗಿಲಲ್ಲಿ ಇಂದ್ರಾಬಾಯಿಯ ಜೊತೆ ನಿರ್ದೇಶಕರೂ ಸುಬ್ಬಲಕ್ಷ್ಮಿಯೂ ನಿಂತಿದ್ದರು. ಸ್ವಲ್ಪ ದೂರದಲ್ಲಿ ಸೀತಾರಾಮ. ಹಿಂದಿನ ಸಂಜೆ ಮಾವನ ಜಾಮೀನ ಮೇಲೆ ಹೊರಬಂದಿದ್ದ. ಫ್ರಾನ್ಸಿಗೆ ನಿಜ ಸಂಗತಿ ಬರೆದಿದ್ದ, ರಾಜೀನಾಮೆಯನ್ನೂ ಕೊಟ್ಟಿದ್ದ. ಅವನು ಹತ್ತಿರ ಬಂದು ಬಗ್ಗಿದಾಗ ಚಂದ್ರಾಮ ಎರಡು ಹೆಜ್ಜೆ ಹಿಂದೆ ಸರಿದ.

"ಕಾಲು ಮುಟ್ಟಬ್ಯಾಡ್ರಿ. ತಪ್ಪ ಒಪ್ಪಿದ್ರಿ, ಸಾಕು. ನಾ ಮರಿಯಾಕ ಹೊತ್ತ ಬೇಕ್ರಿ," ಎಂದ. ಅಷ್ಟು ಹೇಳಿ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ನಡೆದ.

ಬಾವಿಯ ಆಳವನ್ನು ಹಗ್ಗ ಇಳಿಸಿ ಅಳೆದಾಗ ನಾಲ್ಕನೇ ನಂಬರಿನ ಯಂತ್ರ ಎಲ್ಲ ಕಡೆಯೂ ಸರಿಯಾಗಿ ಎರಡು ಮೀಟರ್ ಹೆಚ್ಚು ತೋರಿಸುತ್ತದೆಂದು ತಿಳಿಯಿತು. ಎರಡು ಕಳೆದರಾಯಿತು. ಉಳಿದ ನಾಲ್ಕನ್ನೂ ನಿರ್ದೇಶಕರು ಅದೇ ಬಾವಿಗೆ ಒಯ್ದು, ಈ ಸಲ ಗಟ್ಟಿ ಬಲೆಯಲ್ಲಿಟ್ಟು, ತಾವೇ ನಿಂತು ಪರೀಕ್ಷೆ ಮಾಡಿಸಿದರು. ಒಂದು ವಾರ ಉಪ್ಪುನೀರಿನಲ್ಲಿ ಸುಧಾರಿಸಿಕೊಂಡ ಮೇಲೆ, ಡಿಸೆಂಬರಿನ ಮೊದಲ ಸೋಮವಾರ, ಐದನ್ನೂ ದೋಣಿಯಲ್ಲಿ ಒಯ್ದು ಆಳದ ಕಡಲಿಗೆ ಬಿಟ್ಟರು. ನಾಲ್ಕನೇ ನಂಬರನ್ನು ನೀರಿಗಿಳಿಸಿದವನು ಚಂದ್ರಾಮ. ಅದು ಹಿಂದೆ ತಿರುಗಿ ನೋಡಲೇ ಇಲ್ಲ.

ನಾಲ್ಕು ದಿನಗಳ ನಂತರ ಬೆಳಿಗ್ಗೆ ಟೆಲೆಕ್ಸ್ ಬಡಿಯುವ ಹೊತ್ತಿಗೆ ಚಂದ್ರಾಮ ಸುಬ್ಬಲಕ್ಷ್ಮಿಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ.

"ನಮ್ಮ ಸಣ್ಣದು ಎಲ್ಲಿ ಅದ್ರಿ ಅಕ್ಕಾರ?"

ಅವಳು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆಯಿಟ್ಟಳು. "ರತ್ನಾಗಿರಿ ಹತ್ರ, ದಡದಿಂದ ತುಂಬಾ ದೂರ. ನಿನ್ನೆ ಏಳು ಸಲ ಉಪಗ್ರಹಕ್ಕೆ ಸಿಕ್ಕಿದೆ. ಒಂದು ಸಲ ನಲವತ್ತು ಮೀಟರ್ ಕೆಳಗೆ ಹೋಗಿದೆ ನೋಡು. ಎರಡು ಕಳೆದ ಮೇಲೆ."

"ನಲವತ್ತು ಅಂದ್ರ?"

"ಹನ್ನೆರಡು ಹದಿಮೂರು ಮಹಡಿ ಕಟ್ಟಡದಷ್ಟು."

ಚಂದ್ರಾಮ ಕಿಟಕಿಯಾಚೆ ಕಡಲಿನ ಕಡೆ ನೋಡಿದ. ಬಿಸಿಲಿಗೆ ನೀರು ಮಿನುಗುತ್ತಿತ್ತು. ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ಅಷ್ಟ ಕೆಳಗ ಏನ ನೋಡಾಕ ಹೋಗಿತ್ತೋ ಏನೋ!"

"ಅದನ್ನ ಉಪಗ್ರಹ ಹೇಳಲ್ಲಪ್ಪ," ಎಂದು ಸುಬ್ಬಲಕ್ಷ್ಮಿ ಚಹಾದ ಲೋಟಕ್ಕೆ ಕೈ ಚಾಚಿದಳು.